ಕೊಪಣ: ಊರಿನ ಹೆಸರು ತೀರ್ಥದ ಹೆಸರಾದದ್ದು

ಕೊಪಣ ಎಂಬುದು ಇಂದಿನ ಕೊಪ್ಪಳದ ಹಳೆಯ ಹೆಸರು. ಬೈಲಹೊಂಗಲ ಭಾಗದ ನಮಗೆ ಇದು ದೂರದ ಊರಾದರೂ ಬೇರೆಯದಲ್ಲ. 9ನೇ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ಸೀಮೆಯನ್ನು ತೋರಿಸಲು ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು (ಪಟ್ಟದಕಲ್ಲು), ಕೊಪಣ, ಪುಲಿಗೆರೆ (ಲಕ್ಷ್ಮೇಶ್ವರ) ಮತ್ತು ಒಕ್ಕುಂದ. ಆ ಒಕ್ಕುಂದವೇ ಮಲಪ್ರಭೆಯ ದಂಡೆಯಲ್ಲಿರುವ ನಮ್ಮ ತಾಲೂಕಿನ ವಕ್ಕುಂದ.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ವಿಷಯದಲ್ಲಿ ಶಾಸನಗಳು ಒಂದು ಮಾತು ಹೇಳುತ್ತವೆ: ಹಾಳಾಗಿದ್ದ ಲೆಕ್ಕವಿಲ್ಲದಷ್ಟು ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿ ಗಂಗವಾಡಿ 96,000 ನಾಡನ್ನು 'ಕೊಪಣ' ಮಾಡಿದನು. ಇದನ್ನು ಓದಿ, ಗಂಗರಾಜ ಕೊಪ್ಪಳದಲ್ಲಿ ಬಸದಿ ಕಟ್ಟಿಸಿದನೆಂದು ನಮ್ಮ ಯಾತ್ರೆಯ ಕೈಪಿಡಿಗೆ ನಾನೇ ಬರೆದುಕೊಟ್ಟಿದ್ದೆ. ಅಚ್ಚಿಗೆ ಹೋಗುವ ಮುಂಚೆ ಹಿರಿಯರೊಬ್ಬರು ತಡೆದರು. ಗಂಗವಾಡಿ ಇರುವುದು ಮೈಸೂರು ಸೀಮೆಯಲ್ಲಿ, ಕೊಪ್ಪಳ ಅದರ ಹೊರಗೆ. ಇಲ್ಲಿ ಕೊಪಣ ಎಂದರೆ ಊರಲ್ಲ. ಬಸದಿಗಳಿಂದ ತುಂಬಿದ ಪವಿತ್ರ ನೆಲ ಎಂದರ್ಥ. ಮೂಡಬಿದಿರೆಯನ್ನು ನಾವು 'ಜೈನಕಾಶಿ' ಎನ್ನುತ್ತೇವೆ, ಹಾಗೆಂದು ಅದು ಗಂಗಾತೀರದಲ್ಲಿದೆಯೇ?

ಪೇಟೆಯಲ್ಲಿ ಕೂತವರಿಗೆ ಇದು ಹೊಸದಲ್ಲ. 'ಒಂದ್ ಇಳಕಲ್ಲ ತೋರಸ್ರಿ' ಅಂದರೆ ಸೀರೆ, 'ಬ್ಯಾಡಗಿ ಎರಡ ಕಿಲೋ' ಅಂದರೆ ಮೆಣಸಿನಕಾಯಿ. ಆದರೆ ಅಲ್ಲಿ ಊರು ಸರಕಿನ ಹೆಸರಾಯಿತು, ಇಲ್ಲಿ ಪಾವಿತ್ರ್ಯದ ಅಳತೆಗೋಲೇ ಆಯಿತು.

ಗಂಗರಾಜನಿಗಿಂತ ನೂರು ವರ್ಷಕ್ಕೂ ಹಿಂದೆಯೇ ಈ ಬಳಕೆಗೆ ದಾರಿಯಾಗಿತ್ತು. ಕ್ರಿ.ಶ. 993ರ 'ಅಜಿತಪುರಾಣ'ದಲ್ಲಿ ರನ್ನನು ದಾನಚಿಂತಾಮಣಿ ಅತ್ತಿಮಬ್ಬೆಯ ಶೀಲವನ್ನು ಬಿಳಿಯ ಅರಳೆಗೆ, ಗಂಗಾಜಲಕ್ಕೆ, ಅಜಿತಸೇನ ಮುನಿಗಳ ಗುಣಕ್ಕೆ ಹಾಗೂ ಕೊಪಣದ ಬೆಟ್ಟಕ್ಕೆ ಹೋಲಿಸಿದ್ದಾನೆ. (ಅರಳೆ ವ್ಯಾಪಾರದವನಾದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅರಳೆಯೇ.) ಗಂಗಾಜಲದ ಸಾಲಿನಲ್ಲಿ ನಿಲ್ಲಿಸಬಹುದಾದ ಹೆಸರು ಅದಾಗಲೇ ಕೊಪಣಕ್ಕೆ ಇತ್ತು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಮುನಿಗಳು, ಶ್ರಾವಕರು ಸಲ್ಲೇಖನಕ್ಕಾಗಿ ಈ ಬೆಟ್ಟಗಳನ್ನು ಹುಡುಕಿಕೊಂಡು ಬರುತ್ತಿದ್ದರು; ಅಲ್ಲಿಯ ಶಾಸನಗಳೇ ಇದಕ್ಕೆ ಸಾಕ್ಷಿ. 'ವರಾಂಗಚರಿತ' ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಪಾಲ್ಕಿಗುಂಡಿನ ಬಂಡೆಯ ಮೇಲೆ ಕೆತ್ತಲಾಗಿದೆ. ಅವನ್ನು ಮಾಡಿಸಿದವನು ಚಾವಯ್ಯನೆಂದು ಪಕ್ಕದಲ್ಲಿ ಹಳಗನ್ನಡದಲ್ಲಿ ಬರೆದಿದೆ. ಪಾಲ್ಕಿಗುಂಡು ಮತ್ತು ಗವಿಮಠದಲ್ಲಿ ಅಶೋಕನ ಶಾಸನಗಳೂ ಇರುವುದರಿಂದ ನೋಡಲು ಬರುವವರು ಅವನ್ನೇ ಕೇಳುತ್ತಾರೆ. ನಮ್ಮವರು ಹೋದಾಗ ಪಾದಗಳನ್ನೂ ಕೇಳಿ ನೋಡಿಕೊಂಡು ಬರಬೇಕು.

ಕೈಪಿಡಿಯ ಆ ಸಾಲನ್ನು ಈಗ ಹೀಗೆ ತಿದ್ದಿದ್ದೇವೆ: 'ಗಂಗರಾಜನು ಪಾಳುಬಿದ್ದ ಬಸದಿಗಳನ್ನು ಎತ್ತಿ ನಿಲ್ಲಿಸಿ ಗಂಗವಾಡಿಯನ್ನು ಕೊಪಣದಂತೆ ತೀರ್ಥವಾಗಿಸಿದನು.'