ಮೂರು ದಿನ ತೆರೆದ ಬಾಗಿಲು

ವೈರಮುಡಿಯ ದಿನ ಮಂಡ್ಯದ ಖಜಾನೆಯಿಂದ ಹೊರಡುವ ವಜ್ರಕಿರೀಟ, ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ದಾರಿಯಾಗಿ ಮೇಲುಕೋಟೆ ಬೆಟ್ಟವೇರುತ್ತದೆ. ಮುಂದೆ ಪೊಲೀಸರು, ಜೊತೆಗೆ ಜಿಲ್ಲೆಯ ಅಧಿಕಾರಿಗಳು. ದೇವರ ಒಡವೆಗೆ ಸರ್ಕಾರವೇ ಕಾವಲು. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಿಂದಲೂ ಜನ ಅಂದು ರಾತ್ರಿ ಬೆಟ್ಟ ಹತ್ತುತ್ತಾರೆ. ಈಗ ಚೆಲುವನಾರಾಯಣನ ಬಾಗಿಲಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ಹಿಂದೆ ಹಾಗಿರಲಿಲ್ಲ, ಆದರೆ ಇತರ ಎಷ್ಟೋ ದೇವಾಲಯಗಳಂತೆ ಇಲ್ಲಿ ಬಾಗಿಲು ಪೂರ್ತಿ ಮುಚ್ಚಿಯೂ ಇರಲಿಲ್ಲ.

ಅಸ್ಪೃಶ್ಯರೆಂದು ಹೊರಗಿಟ್ಟವರಿಗೆ ಮೇಲುಕೋಟೆಯಲ್ಲಿ ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಪ್ರವೇಶವಿತ್ತು. ಬ್ರಿಟಿಷ್ ಕಾಲದ ಮೈಸೂರು ಗೆಜೆಟಿಯರಿನಲ್ಲೂ ಇದು ದಾಖಲಾಗಿದೆ. ದೆಹಲಿಯಿಂದ ಉತ್ಸವಮೂರ್ತಿಯನ್ನು ತರುವಾಗ ನೆರವಾದವರಿಗೆ ರಾಮಾನುಜಾಚಾರ್ಯರು ಈ ಹಕ್ಕನ್ನು ಕೊಟ್ಟು, ಅವರನ್ನು ‘ತಿರುಕುಲತ್ತಾರ್’, ಅಂದರೆ ಶ್ರೀಕುಲದವರು ಎಂದು ಕರೆದರೆಂಬುದು ಐತಿಹ್ಯ. ಆಚಾರ್ಯರ ಕಾಲಕ್ಕೆ ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆಯೇ ಆರಂಭವಾಗಿರಲಿಲ್ಲವಾದ್ದರಿಂದ ಕಥೆಯನ್ನು ಅಕ್ಷರಶಃ ಒಪ್ಪುವುದು ಕಷ್ಟ. ಆದರೆ ಮೂರು ದಿನದ ಹಕ್ಕು ಕಟ್ಟುಕಥೆಯಲ್ಲ. ಉಳಿದ ದಿನಗಳಲ್ಲಿ ಬಾಗಿಲು ಮುಚ್ಚಿದ್ದೂ ಕಟ್ಟುಕಥೆಯಲ್ಲ. ಒಂದೇ ಸಂಪ್ರದಾಯ ಎರಡನ್ನೂ ಕಾಪಾಡಿಕೊಂಡು ಬಂದಿತ್ತು.

ಮೈಸೂರು ಸಂಸ್ಥಾನ 1948ರಲ್ಲಿ ದೇವಾಲಯ ಪ್ರವೇಶದ ಕಾಯಿದೆ ಮಾಡಿತು. ಪಕ್ಕದ ಮದ್ರಾಸ್ ಪ್ರಾಂತ್ಯ ಅದಕ್ಕೂ ಮೊದಲೇ, 1947ರಲ್ಲಿ ಅಂಥದೊಂದು ಕಾಯಿದೆ ತಂದಿತ್ತು. ಮಹತ್ವದ ವ್ಯಾಜ್ಯ ಹುಟ್ಟಿದ್ದು ಅಲ್ಲಿಂದ. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಧರ್ಮದರ್ಶಿಗಳು, ಇದು ಗೌಡ ಸಾರಸ್ವತ ಬ್ರಾಹ್ಮಣರ ಪಂಗಡದ ದೇವಾಲಯ, ಕಾಯಿದೆ ಇದಕ್ಕೆ ಅನ್ವಯಿಸದು ಎಂದು 1949ರಲ್ಲಿ ದಾವೆ ಹೂಡಿದರು. ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗುವಷ್ಟರಲ್ಲಿ ರಾಜ್ಯಗಳ ಗಡಿ ಬದಲಾಗಿ, ಪ್ರತಿವಾದಿಯ ಜಾಗದಲ್ಲಿ ಮೈಸೂರು ರಾಜ್ಯದ ಹೆಸರು ಬಂತು.

1957ರ ನವೆಂಬರ್ 8ರಂದು ಬಂದ ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಟಿ.ಎಲ್. ವೆಂಕಟರಾಮ ಅಯ್ಯರ್. ಧರ್ಮದರ್ಶಿಗಳ ವಾದದ ಬಹುಭಾಗವನ್ನು ಅವರು ಒಪ್ಪಿದರೆಂಬುದು ಅನೇಕರಿಗೆ ತಿಳಿಯದು. ದೇವಾಲಯ ಪಂಗಡದ್ದೇ ಹೌದು. ಗುಡಿಯೊಳಗೆ ಯಾರು ಎಲ್ಲಿಯವರೆಗೆ ಬರಬಹುದು ಎಂಬುದು ಆಗಮಗಳ ಪ್ರಕಾರ ಧರ್ಮದ ವಿಷಯವೇ ಹೌದು. ಸಂವಿಧಾನದ 26ನೇ ವಿಧಿ ಆ ಹಕ್ಕನ್ನು ರಕ್ಷಿಸುತ್ತದೆ. ಆದರೆ ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಯುವ ಕಾನೂನಿಗೆ 25ನೇ ವಿಧಿ ಅವಕಾಶ ಕೊಟ್ಟಿದೆ. ಎರಡೂ ಎದುರಾದಾಗ 26ನೆಯದು 25ಕ್ಕೆ ಒಳಪಟ್ಟೇ ನಡೆಯಬೇಕು.

ಹಾಗೆಂದು ಪಂಗಡದ ಹಕ್ಕು ಪೂರ್ತಿ ಅಳಿಯಲಿಲ್ಲ. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಪಂಗಡದವರಿಗೆ ಮಾತ್ರ ಪ್ರವೇಶವೆಂದು ಹೈಕೋರ್ಟು ಕಾದಿರಿಸಿದ್ದನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಂಥ ಸೇವೆಗಳನ್ನು ಬಿಟ್ಟರೂ ಸಾರ್ವಜನಿಕರಿಗೆ ಉಳಿಯುವ ಹಕ್ಕು ಹೆಸರಿಗಷ್ಟೇ ಇರಬಾರದು, ಗಣನೀಯವಾಗಿರಬೇಕು ಎಂಬುದು ಅದು ಹಿಡಿದ ಅಳತೆ.

ಮೇಲುಕೋಟೆಯ ಲೆಕ್ಕ ಇಲ್ಲಿ ತಲೆಕೆಳಗಾಗಿರುವುದು ಗಮನಿಸತಕ್ಕದ್ದು. ಅಲ್ಲಿ ಮುಚ್ಚಿರುವುದು ನಿಯಮ, ಮೂರು ದಿನ ವಿನಾಯಿತಿ. ಮೂಲ್ಕಿಯ ತೀರ್ಪಿನಲ್ಲಿ ತೆರೆದಿರುವುದು ನಿಯಮ, ಕೆಲವು ಸೇವೆಗಳಷ್ಟೇ ವಿನಾಯಿತಿ. ಸಂಪ್ರದಾಯ ಒಂದು ಉಪಕಾರಕ್ಕೆ ಪ್ರತಿಯಾಗಿ ಕೊಟ್ಟದ್ದನ್ನು ಸಂವಿಧಾನ ಹಕ್ಕಾಗಿಸಿತು. ರಾಮಾನುಜರು ತೆರೆದ ಬಾಗಿಲನ್ನು ಅವರ ನಂತರದವರು ಮೂರು ದಿನದಾಚೆಗೆ ಸರಿಸದೆ ಉಳಿದದ್ದೇಕೆ ಎಂದು ಕೇಳಿದರೆ ತಪ್ಪಾಗದು. ಆಚಾರ್ಯರ ಹೆಸರು ಹೇಳಿ ಕಾನೂನನ್ನು ಹೊಗಳುವವರು ಈ ಎಂಟು ಶತಮಾನಗಳನ್ನು ಸುಲಭವಾಗಿ ಹಾರಿಬಿಡುತ್ತಾರೆ.

ಮೂಲ್ಕಿ ಪ್ರಕರಣದ ಶೀರ್ಷಿಕೆಯಲ್ಲಿ ಇರುವ ಹೆಸರು ಎರಡೇ: ಒಂದು ಕಡೆ ವೆಂಕಟರಮಣ ದೇವರು, ಇನ್ನೊಂದು ಕಡೆ ಮೈಸೂರು ರಾಜ್ಯ. ಬಾಗಿಲ ಹೊರಗೆ ನಿಂತಿದ್ದವರ ಹೆಸರು ಅದರಲ್ಲಿಲ್ಲ.