ಸಲಹೆಗಾರರಿಗೆ ಫೀಸು ಕೊಡುವ ಮುನ್ನ: ಗಡಿಭಾಗದ ಸಣ್ಣ ಉದ್ದಿಮೆದಾರರಿಗೊಂದು ಮಾಹಿತಿ

ಹೊಸೂರು: ಸಿಪ್‌ಕಾಟ್ ಎಸ್ಟೇಟಿನ ದೊಡ್ಡ ಕಾರ್ಖಾನೆಗಳಿಗೆ ಜಾಬ್‌ವರ್ಕ್ ಮಾಡುವ ಲೇತ್ ಶೆಡ್ಡುಗಳು, ತಳಿ, ಬಾಗಲೂರು ಕಡೆಯ ಗುಲಾಬಿ ಪಾಲಿಹೌಸ್‌ಗಳು, ಕೃಷ್ಣಗಿರಿಯ ಮಾವಿನ ತಿರುಳಿನ ಘಟಕಗಳು. ಇವುಗಳಲ್ಲಿ ಹೆಚ್ಚಿನವು ಜಮೀನು, ಒಡವೆ ಅಡವಿಟ್ಟು ಕಟ್ಟಿದ ಉದ್ದಿಮೆಗಳು. ವ್ಯವಹಾರ ಸ್ವಲ್ಪ ಬೆಳೆದ ಮೇಲೆ ಅಥವಾ ನಷ್ಟ ಕಂಡ ಮೇಲೆ 'ಕನ್ಸಲ್ಟೆಂಟ್' ಎಂಬ ಹೆಸರು ಕೇಳಿಬರುತ್ತದೆ. ಸರಿಯಾದವರು ಸಿಕ್ಕರೆ ಕೊಟ್ಟ ಹಣ ಹಿಂದಿರುಗುತ್ತದೆ. ತಪ್ಪಿದರೆ ಉಳಿಯುವುದು ಚೆಂದದ ಫೈಲು ಮಾತ್ರ.

ಯಾರು ಈ ಸಲಹೆಗಾರರು?

ನಮ್ಮ ದೇಶದಲ್ಲಿ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್ ಎಂದು ಬೋರ್ಡು ಹಾಕಿಕೊಳ್ಳಲು ವಕೀಲರಿಗೆ, ಲೆಕ್ಕಪರಿಶೋಧಕರಿಗೆ ಇರುವಂತೆ ಲೈಸೆನ್ಸ್ ಬೇಕಿಲ್ಲ. ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್ಸ್ ಆಫ್ ಇಂಡಿಯಾ ಎಂಬ ಸಂಸ್ಥೆ 'ಸಿಎಂಸಿ' ಎಂಬ ಅರ್ಹತೆ ನೀಡುತ್ತದೆಯಾದರೂ ಅದು ಕಡ್ಡಾಯವಲ್ಲ. ಹೀಗಾಗಿ ವಿಚಾರಿಸಿ ನೋಡುವ ಹೊಣೆ ಮಾಲೀಕರ ಮೇಲೆಯೇ ಬೀಳುತ್ತದೆ.

ಹೊಸೂರಿನಲ್ಲೇ ಇರುವ ಉದಾಹರಣೆ

1980ರಲ್ಲಿ ಹೊಸೂರಿನಿಂದ ಮೊಪೆಡ್ ಹೊರತಂದ ಟಿವಿಎಸ್ ಕಂಪನಿ 2002ರಲ್ಲಿ ಗುಣಮಟ್ಟಕ್ಕಾಗಿ ಜಪಾನಿನ ಡೆಮಿಂಗ್ ಪ್ರಶಸ್ತಿ ಪಡೆಯಿತು. ಅದೇ ಬಳಗದ ಸುಂದರಂ-ಕ್ಲೇಟನ್ ಕಂಪನಿಗೆ 1998ರಲ್ಲೇ ಈ ಪ್ರಶಸ್ತಿ ಬಂದಿತ್ತು. ಪ್ರೊ. ಯೊಶಿಕಾಜು ತ್ಸುದಾ ಅವರಂತಹ ಜಪಾನಿ ತಜ್ಞರು ಆ ವರ್ಷಗಳಲ್ಲಿ ಭಾರತದ ವಾಹನ ಬಿಡಿಭಾಗ ತಯಾರಕರಿಗೆ ಮಾರ್ಗದರ್ಶನ ಮಾಡಿದರು. ತಜ್ಞರು ಬಂದು ನೋಡಿ, ಪ್ರಶ್ನೆ ಕೇಳಿ, ದಾರಿ ತೋರಿಸಿ ಹೋಗುತ್ತಿದ್ದರು. ಮೆಷಿನ್ ಪಕ್ಕದ ಕೆಲಸವನ್ನು ವರ್ಷಗಟ್ಟಲೆ ಮಾಡಿದವರು ಕಂಪನಿಯ ಜನರೇ. ಐದು ಮಂದಿಯ ಶೆಡ್ಡಿಗೂ ಈ ಮಾತು ಅನ್ವಯಿಸುತ್ತದೆ. ಸಲಹೆಗಾರ ಮೇಷ್ಟ್ರಷ್ಟೇ, ಪರೀಕ್ಷೆ ಬರೆಯಬೇಕಾದವರು ಮಾಲೀಕರು ಮತ್ತು ಕೆಲಸಗಾರರು.

ಮೊದಲು ತೊಂದರೆ ಬರೆಯಬೇಕು

'ವ್ಯಾಪಾರ ಸರಿಯಿಲ್ಲ' ಎಂಬುದು ತೊಂದರೆಯ ವಿವರಣೆ ಆಗುವುದಿಲ್ಲ. 'ನೂರು ಪೀಸಿನಲ್ಲಿ ಏಳು ರಿಜೆಕ್ಟ್ ಆಗುತ್ತಿವೆ, ಆರು ತಿಂಗಳಲ್ಲಿ ಮೂರಕ್ಕೆ ಇಳಿಯಬೇಕು' ಎಂದರೆ ಅದಕ್ಕೊಂದು ಅಳತೆ ಸಿಗುತ್ತದೆ.

ಲೆಕ್ಕ ಹೀಗೆ ಹಾಕಬಹುದು. ತಿಂಗಳಿಗೆ 10,000 ಪೀಸ್ ಮಾಡುವ ಘಟಕದಲ್ಲಿ ರಿಜೆಕ್ಷನ್ ಶೇ. 7ರಿಂದ 3ಕ್ಕೆ ಇಳಿದರೆ 400 ಪೀಸ್ ಉಳಿಯುತ್ತವೆ. ಒಂದಕ್ಕೆ 60 ರೂ. ಖರ್ಚು ಎಂದುಕೊಂಡರೆ ತಿಂಗಳಿಗೆ 24,000 ರೂ. ಉಳಿತಾಯ. ಸಲಹೆಗಾರರ ಫೀಸು ಒಂದೂವರೆ ಲಕ್ಷ, ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ 1,77,000 ರೂ. ಆದರೆ, ಗುರಿ ಮುಟ್ಟಿದ ಮೇಲೆ ಸುಮಾರು ಏಳೂವರೆ ತಿಂಗಳಲ್ಲಿ ಹಣ ವಾಪಸ್. ಈ ಲೆಕ್ಕ ಕೂಡಿಬರದಿದ್ದರೆ ಸಲಹೆಗಾರರನ್ನು ಕರೆಸದಿರುವುದೇ ಲೇಸು.

ಆಯ್ಕೆ ಮಾಡುವಾಗ

* ಇಬ್ಬರು ಮೂವರಿಂದ ಬರಹದಲ್ಲಿ ಕೊಟೇಶನ್ ಪಡೆಯಬೇಕು.
* ಅವರು ಮೊದಲು ಕೆಲಸ ಮಾಡಿದ ಎರಡು ಘಟಕಗಳಿಗೆ ಖುದ್ದಾಗಿ ಹೋಗಿ ನೋಡಬೇಕು. ಸಲಹೆಗಾರರು ಹೋದ ಮೇಲೂ ಹೊಸ ಪದ್ಧತಿ ಉಳಿದಿದೆಯೇ ಎಂದು ಕೇಳಬೇಕು.
* ಮಾತಾಡಲು ಬಂದವರೇ ಕೆಲಸಕ್ಕೂ ಬರುತ್ತಾರೋ ಅಥವಾ ಹೊಸ ಹುಡುಗರನ್ನು ಕಳಿಸುತ್ತಾರೋ ತಿಳಿಯಬೇಕು.
* ಭಾಷೆ ನೋಡಬೇಕು. ಇಲ್ಲಿನ ಶೆಡ್ಡುಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ನಡೆಯುತ್ತವೆ. ಇಂಗ್ಲಿಷಿನಲ್ಲಷ್ಟೇ ಪಾಠ ಮಾಡುವವರಿಂದ ಆಪರೇಟರ್‌ಗೆ ಪ್ರಯೋಜನವಿಲ್ಲ.
* ಐಎಸ್‌ಒ ಸಲಹೆ ಕೊಟ್ಟವರೇ ಸರ್ಟಿಫಿಕೇಟನ್ನೂ ಕೊಡುತ್ತೇವೆ ಎಂದರೆ ಎಚ್ಚರ ಬೇಕು. ಸರ್ಟಿಫಿಕೇಟ್ ನೀಡುವ ಸಂಸ್ಥೆ ಸಲಹೆ ಮಾರುವಂತಿಲ್ಲ ಎಂಬುದು ಅಂತರರಾಷ್ಟ್ರೀಯ ನಿಯಮ.
* 'ಸಾಲ ಮಂಜೂರು ಮಾಡಿಸಿಕೊಡುತ್ತೇವೆ, ಸಬ್ಸಿಡಿಯಲ್ಲಿ ಇಷ್ಟು ಪರ್ಸೆಂಟ್ ಕೊಡಿ' ಎನ್ನುವವರು ಸಲಹೆಗಾರರಲ್ಲ, ದಲ್ಲಾಳಿಗಳು. ಉದ್ಯಮ್ ನೋಂದಣಿಯೂ ಸರ್ಕಾರದ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ.

ಕರಾರು ಮತ್ತು ಬಿಲ್ಲು

ಕರಾರು ಎರಡು ಪುಟವಿದ್ದರೂ ಸಾಕು. ಮಾಡುವ ಕೆಲಸ, ಅಳತೆ, ಭೇಟಿಯ ದಿನಗಳು, ಪ್ರಯಾಣ ಖರ್ಚು ಯಾರದು, ಗಿರಾಕಿಗಳ ಪಟ್ಟಿ ಮತ್ತು ಡ್ರಾಯಿಂಗ್ ಹೊರಗೆ ಕೊಡಬಾರದೆಂಬ ಷರತ್ತು, ಮಧ್ಯದಲ್ಲಿ ನಿಲ್ಲಿಸುವ ಹಕ್ಕು ಅದರಲ್ಲಿರಬೇಕು. ಇಂಗ್ಲಿಷಿನಲ್ಲಿದ್ದರೆ ಸಹಿಗೆ ಮುನ್ನ ಗೊತ್ತಿದ್ದವರಿಂದ ಓದಿಸಿ ಅರ್ಥ ತಿಳಿಯಬೇಕು. ಇಡೀ ಫೀಸನ್ನು ಅಡ್ವಾನ್ಸ್ ಕೊಡದೆ, ಆರಂಭಕ್ಕೆ ಒಂದು ಭಾಗ, ನಡುವೆ ಒಂದು ಭಾಗ, ಅಳತೆ ಮುಟ್ಟಿದ ಮೇಲೆ ಉಳಿದದ್ದು ಎಂದು ಕಂತು ಮಾಡುವುದು ಸುರಕ್ಷಿತ.

ಗಡಿಯಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಬೆಂಗಳೂರಿನಲ್ಲಿ ಜಿಎಸ್‌ಟಿ ನೋಂದಣಿ ಇರುವ ಸಲಹೆಗಾರರು ಹೊಸೂರಿನ ನೋಂದಾಯಿತ ಘಟಕಕ್ಕೆ ಕೊಡುವ ಬಿಲ್ಲಿನಲ್ಲಿ ಶೇ. 18 ಐಜಿಎಸ್‌ಟಿ ಇರುತ್ತದೆ. ತಮಿಳುನಾಡಿನವರಾದರೆ ಶೇ. 9ರಂತೆ ಎರಡು ಭಾಗ. ಕಾಂಪೋಸಿಷನ್ ಪದ್ಧತಿಯಲ್ಲಿ ಇಲ್ಲದ ಘಟಕಗಳು ಸಾಮಾನ್ಯವಾಗಿ ಈ ತೆರಿಗೆಯ ಕ್ರೆಡಿಟ್ ಪಡೆಯಬಹುದು.

ಸರ್ಕಾರದ ನೆರವು

ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಆರಂಭಿಸಿದ ಎಂಎಸ್‌ಎಂಇ ಲೀನ್ ಯೋಜನೆಯಲ್ಲಿ, ಉದ್ಯಮ್ ನೋಂದಣಿ ಇರುವ ಉತ್ಪಾದನಾ ಘಟಕಗಳಿಗೆ ಸಲಹೆಗಾರರ ಫೀಸಿನ ಶೇ. 90ರಷ್ಟನ್ನು ಸರ್ಕಾರ ಭರಿಸುವ ವ್ಯವಸ್ಥೆ ಮಾಡಲಾಯಿತು. 2022ರ ಜೆಡ್ ಯೋಜನೆಯಲ್ಲಿ ಸರ್ಟಿಫಿಕೇಟ್ ವೆಚ್ಚಕ್ಕೆ ಅತಿಸಣ್ಣ ಘಟಕಗಳಿಗೆ ಶೇ. 80, ಸಣ್ಣವಕ್ಕೆ ಶೇ. 60 ಸಹಾಯಧನ ಗೊತ್ತುಮಾಡಲಾಯಿತು. ಖಾಸಗಿಯವರಿಗೆ ಹಣ ಕೊಡುವ ಮುನ್ನ ಈ ಯೋಜನೆಗಳ ಸದ್ಯದ ಸ್ಥಿತಿಯನ್ನು ಕೃಷ್ಣಗಿರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು. ಹೊಸೂರಿನ ಸಣ್ಣ ಕೈಗಾರಿಕೆಗಳ ಸಂಘ 'ಹೋಸ್ಟಿಯಾ'ದ ಸದಸ್ಯರನ್ನು ಕೇಳಿದರೆ ಅನುಭವದ ಮಾತು ಸಿಗುತ್ತದೆ. ಹೂವಿನ ಬೆಳೆಗಾರರಿಗೆ ತಳಿಯಲ್ಲಿ ಭಾರತ-ಇಸ್ರೇಲ್ ಸಹಕಾರದಿಂದ ಆರಂಭವಾದ ಹೂಬೆಳೆ ಕೇಂದ್ರವಿದೆ.

ಕೆಲಸ ನಡೆಯುವಾಗ

ಘಟಕದ ಒಬ್ಬ ನಂಬಿಕಸ್ಥರನ್ನು ಸಲಹೆಗಾರರ ಜೊತೆಗೆ ಬಿಡಬೇಕು, ಕಲಿತದ್ದು ಅವರ ಕೈಯಲ್ಲಿ ಉಳಿಯಲಿ. ನಷ್ಟ, ಬಾಕಿ, ಸಾಲ ಯಾವುದನ್ನೂ ಸಲಹೆಗಾರರಿಂದ ಮುಚ್ಚಿಡಬಾರದು. ವೈದ್ಯರ ಬಳಿ ನೋವು ಮುಚ್ಚಿಟ್ಟರೆ ಮದ್ದು ನಾಟುವುದಿಲ್ಲ. ಕೆಲಸಗಾರರಿಗೆ 'ಇವರು ಆಳು ಕಡಿಮೆ ಮಾಡಲು ಬಂದವರು' ಎಂಬ ಭಯ ಹುಟ್ಟದಂತೆ ಮೊದಲೇ ಕೂರಿಸಿ ಹೇಳಬೇಕು. ತಿಂಗಳಿಗೊಮ್ಮೆ ಅಂಕಿ ನೋಡಬೇಕು. ಮೂರು ತಿಂಗಳಾದರೂ ಅಂಕಿ ಕದಲದಿದ್ದರೆ ಕಾರಣ ಕೇಳಬೇಕು, ಉತ್ತರ ಸರಿಯಿಲ್ಲದಿದ್ದರೆ ಕರಾರಿನಂತೆ ನಿಲ್ಲಿಸಬೇಕು.

ಸಲಹೆಗಾರರು ಹೋದ ಆರು ತಿಂಗಳ ನಂತರವೂ ಬೋರ್ಡಿನ ಮೇಲೆ ರಿಜೆಕ್ಷನ್ ಅಂಕಿಯನ್ನು ಆಪರೇಟರ್ ತಾನಾಗಿಯೇ ಬರೆಯುತ್ತಿದ್ದರೆ, ಕೊಟ್ಟ ಫೀಸು ದಂಡವಾಗಲಿಲ್ಲ ಎಂದು ತಿಳಿಯಬಹುದು.