ಹೆಬ್ಬಾಳದ ಹೊಲವೂ ಪದವಿಯ ಸಾಮಾನ್ಯ ಪತ್ರಿಕೆಯೂ

ಪದವಿಯನ್ನು ಬಯಸಿ ಬಂದ ವಿದ್ಯಾರ್ಥಿಯು ತಾನು ಆರಿಸಿಕೊಂಡ ವಿಷಯವನ್ನಲ್ಲದೆ, ತಾನು ಆರಿಸಿಕೊಳ್ಳದ ಕೆಲವು ವಿಷಯಗಳಲ್ಲಿಯೂ ತೇರ್ಗಡೆಯಾಗಬೇಕೆಂಬ ನಿಯಮವು ನಮ್ಮ ನಾಡಿನಲ್ಲಿ ಹೇಗೆ ಬೆಳೆದುಬಂದಿತೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ವಿಷಯವು ಶುಷ್ಕವೆಂದು ತೋರಬಹುದು. ಆದರೆ ಯಲಹಂಕದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಪ್ರಧಾನ ವಿಷಯಗಳೆಲ್ಲವನ್ನೂ ಉತ್ತಮ ಅಂಕಗಳಿಂದ ಮುಗಿಸಿಯೂ, ಪರಿಸರ ಅಧ್ಯಯನದ ಪತ್ರಿಕೆಯೊಂದನ್ನು ‘ಲೆಕ್ಕಕ್ಕಿಲ್ಲದ್ದು’ ಎಂದು ಬಿಟ್ಟು, ಪದವಿಪತ್ರವಿಲ್ಲದೆ ಕೈಗೆ ಬಂದ ಕೆಲಸವನ್ನು ಕಳೆದುಕೊಂಡುದನ್ನು ಕಂಡಮೇಲೆ, ಇದನ್ನು ಬರೆಯದಿರಲು ಮನಸ್ಸೊಪ್ಪಲಿಲ್ಲ. ಊರುಗಳಿಂದ ಬಂದು ಪ್ರಸಾದನಿಲಯಗಳಲ್ಲಿದ್ದು ಓದುವ ಮಕ್ಕಳಿಗೆ ಇದನ್ನು ತಿಳಿಯಹೇಳುವವರು ಮನೆಯಲ್ಲಿ ಇರುವುದು ಅಪರೂಪ.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾದಾಗ, ನಾವಿಂದು ಸಾಮಾನ್ಯ ಶಿಕ್ಷಣವೆಂದು ಕರೆಯುವುದು ಭಾಷಾಪತ್ರಿಕೆಗಳ ರೂಪದಲ್ಲಿತ್ತು. ಕನ್ನಡ ಎಂ.ಎ. ತರಗತಿಗಳು ಆರಂಭವಾದುದು 1927ರಲ್ಲಿ. ಅದಕ್ಕೆ ಮೊದಲು ಕಾಲೇಜುಗಳಲ್ಲಿ ಕನ್ನಡವು ಮುಖ್ಯವಾಗಿ ಎರಡನೆಯ ಭಾಷೆಯ ಪೀಠದಲ್ಲಿಯೇ ಕುಳಿತಿದ್ದಿತು. ಈ ಪೀಠವನ್ನು ಹಗುರವಾಗಿ ಕಾಣಬಾರದು. ವಾಣಿಜ್ಯವನ್ನೋ ರಸಾಯನಶಾಸ್ತ್ರವನ್ನೋ ಓದುವ ತರುಣನಿಗೆ ಬಸವಣ್ಣನವರ ಒಂದು ವಚನ, ಹರಿಹರನ ಒಂದು ರಗಳೆಯ ಭಾಗ ತರಗತಿಯಲ್ಲಿ ದೊರೆಯುತ್ತ ಬಂದಿರುವುದು ಈ ಪತ್ರಿಕೆಯಿಂದಲೇ. ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಲೆಂದು ಓದಿದ್ದು ನಲವತ್ತು ವರ್ಷ ನೆನಪಿನಲ್ಲಿ ಉಳಿದುದನ್ನು ನಾನು ಬ್ಯಾಂಕಿನ ನೌಕರರಲ್ಲಿಯೂ ಎಂಜಿನಿಯರುಗಳಲ್ಲಿಯೂ ಕಂಡಿದ್ದೇನೆ.

‘ಸಾಮಾನ್ಯ ಶಿಕ್ಷಣ’ ಎಂಬ ಹೆಸರಿನಲ್ಲಿಯೇ ಈ ವಿಚಾರವು ಬಲವಾಗಿ ಮಂಡಿತವಾದುದು ಸ್ವಾತಂತ್ರ್ಯಾನಂತರ. 1948-49ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಡಾ. ಎಸ್. ರಾಧಾಕೃಷ್ಣನ್, ಇವರು 1918ರಿಂದ ಕೆಲವು ವರ್ಷ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದವರೆಂಬುದು ನಮಗೆ ಅಭಿಮಾನದ ಸಂಗತಿ. ಅಮೆರಿಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಇದೇ ವಿಷಯವನ್ನು ಕುರಿತು 1945ರಲ್ಲಿ ವರದಿಯೊಂದನ್ನು ಪ್ರಕಟಿಸಿದ್ದಿತು. ಒಂದೇ ಶಾಸ್ತ್ರದಲ್ಲಿ ನಿಪುಣನಾದವನು ಉಳಿದುದರಲ್ಲಿ ಅಜ್ಞನಾಗಿ ಉಳಿದರೆ ಸ್ವತಂತ್ರ ರಾಷ್ಟ್ರದ ಪ್ರಜೆಯ ಕರ್ತವ್ಯವನ್ನು ನಿರ್ವಹಿಸಲಾರನು ಎಂಬ ಆತಂಕ ಎರಡು ಕಡೆಯೂ ಇದ್ದಿತು. ನಮ್ಮ ಕಾಲೇಜುಗಳಲ್ಲಿ ಈ ಸಲಹೆಯು ಬಹುಮಟ್ಟಿಗೆ ಇನ್ನೊಂದು ಪಠ್ಯಪುಸ್ತಕವಾಗಿ, ಇನ್ನೊಂದು ಪರೀಕ್ಷೆಯಾಗಿ ಪರಿಣಮಿಸಿತು.

ಆದರೆ ಇದೇ ಆಯೋಗವು ಗ್ರಾಮೀಣ ವಿಶ್ವವಿದ್ಯಾನಿಲಯಗಳ ಕುರಿತು ಮಾಡಿದ ಚಿಂತನೆಯಿಂದ ಹೊರಟ ಮತ್ತೊಂದು ಧಾರೆ ನಮ್ಮ ಹೆಬ್ಬಾಳಕ್ಕೆ ಬಂದು ಸೇರಿತು. ಹೆಬ್ಬಾಳದಲ್ಲಿ 1899ರಿಂದಲೇ ಕೃಷಿ ಪ್ರಯೋಗಗಳ ಕ್ಷೇತ್ರವಿದ್ದಿತು. 1913ರಲ್ಲಿ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು ಬಂದವು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಆರಂಭವಾದಾಗ ಅದರ ಮೊದಲ ಕುಲಪತಿಗಳಾದವರು ಡಾ. ಕೆ.ಸಿ. ನಾಯಕ್. ಟೆನೆಸ್ಸಿ ವಿಶ್ವವಿದ್ಯಾನಿಲಯದ ನೆರವೂ ಇದಕ್ಕಿದ್ದಿತು. ಮಾದರಿಯು ಅಮೆರಿಕದ್ದು. ಅಲ್ಲಿ ಲಿಂಕನ್ನರ ಕಾಲದಲ್ಲಿ, 1862ರಲ್ಲಿ ಆದ ಮಾರಿಲ್ ಕಾಯಿದೆಯು ದುಡಿಯುವ ಜನರ ಮಕ್ಕಳಿಗೆ ಕೃಷಿಯನ್ನೂ ಯಂತ್ರಕಲೆಯನ್ನೂ ಕಲಿಸುವ ಕಾಲೇಜುಗಳಿಗೆ ಭೂಮಿಯನ್ನು ಕೊಟ್ಟಿತು. ಕೊಡುವಾಗ ಇತರ ಶಾಸ್ತ್ರಗಳನ್ನಾಗಲಿ ಪ್ರಾಚೀನ ಸಾಹಿತ್ಯವನ್ನಾಗಲಿ ಹೊರಗಿಡಬಾರದೆಂದೂ ವಿಧಿಸಿತು. ದುಡಿಮೆ ಒಂದು ಕಡೆ, ಅರಿವು ಒಂದು ಕಡೆ ಎಂಬ ವಿಂಗಡಣೆಯನ್ನು ಒಪ್ಪದ ಈ ಕಾಯಿದೆಯು, ಕಾಯಕದ ವಿಚಾರವನ್ನು ಬಲ್ಲ ವಾಚಕರಿಗೆ ಅಪರಿಚಿತವೆನಿಸದು.

ಹೆಬ್ಬಾಳದಲ್ಲಿ ಬೇರೂರಿದ ಕ್ರಮಕ್ಕೆ ಕ್ರೆಡಿಟ್ ಪದ್ಧತಿಯೆಂದು ಹೆಸರು. ಈಗ ಎಲ್ಲ ಕಡೆಯೂ ಅದೇ ಆಗಿರುವುದರಿಂದ ಸ್ವಲ್ಪ ವಿವರಿಸುತ್ತೇನೆ. ವಾರಕ್ಕೆ ಒಂದು ಗಂಟೆಯ ಪಾಠವು ಒಂದು ಅರ್ಧವರ್ಷ ನಡೆದರೆ ಅದು ಒಂದು ಕ್ರೆಡಿಟ್. ಪ್ರಯೋಗಕ್ಕಾದರೆ ವಾರಕ್ಕೆ ಎರಡು ಗಂಟೆ. ಕೃಷಿ ಪಠ್ಯಕ್ರಮದಲ್ಲಿ ‘2+1’ ಎಂದು ಕಂಡರೆ ಎರಡು ಪಾಠದ್ದು, ಒಂದು ಪ್ರಯೋಗದ್ದು, ಒಟ್ಟು ಮೂರು ಎಂದು ತಿಳಿಯಬೇಕು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಐದನೆಯ ಡೀನರ ಸಮಿತಿಯು ರೂಪಿಸಿದ ಪಠ್ಯಕ್ರಮದಲ್ಲಿ ಗಣಿತದ ಹಿನ್ನೆಲೆಯವನಿಗೆ ಜೀವಶಾಸ್ತ್ರದ ಪ್ರವೇಶಿಕೆ, ಜೀವಶಾಸ್ತ್ರದವನಿಗೆ ಗಣಿತದ ಪ್ರವೇಶಿಕೆ, ಎಲ್ಲರಿಗೂ ಗ್ರಾಮೀಣ ಸಮಾಜಶಾಸ್ತ್ರ, ಮಾನವ ಮೌಲ್ಯಗಳು ಇದ್ದವು. ಇವುಗಳಲ್ಲಿ ಕೆಲವಕ್ಕೆ ಶ್ರೇಣಿಯಿಲ್ಲ. ಸರಾಸರಿಗೆ ಅವು ಸೇರವು. ಸರಾಸರಿಗೆ ಸೇರದುದು ಪದವಿಗೂ ಬೇಡವೆಂದು ತಿಳಿಯುವುದೇ ನನ್ನ ವಿದ್ಯಾರ್ಥಿಯು ಮಾಡಿದಂಥ ತಪ್ಪಿನ ಮೂಲ. ಅಂತಿಮ ವರ್ಷದಲ್ಲಿ ಹಳ್ಳಿಯೊಂದರಲ್ಲಿ ತಂಗಿ ರೈತರೊಡನೆ ಕೆಲಸ ಮಾಡುವ ಕಾರ್ಯಾನುಭವವೂ ಇದೆ. ಸಮಾಜಶಾಸ್ತ್ರದ ಪಾಠವನ್ನು ಅಲ್ಲಿ ರಾಗಿಯ ಹೊಲದ ಬದುವಿನ ಮೇಲೆ ಪರೀಕ್ಷಿಸಿಕೊಳ್ಳಬಹುದು. ಸಾಮಾನ್ಯ ವಿಷಯವನ್ನು ಕಸುಬಿಗೆ ಹೊಂದಿಸಿದ ಈ ರೀತಿಯೇ ನನಗೆ ಹೆಚ್ಚು ಸಮ್ಮತವಾದುದು.

ಇತರ ಪದವಿಗಳಲ್ಲಿ ಕಡ್ಡಾಯ ಪತ್ರಿಕೆಗಳು ಒಂದೊಂದು ಕಾರಣದಿಂದ ಬಂದು ಸೇರಿದವು. ಪರಿಸರ ಅಧ್ಯಯನದ ಹಿಂದೆ ಸರ್ವೋಚ್ಚ ನ್ಯಾಯಾಲಯದ 1991ರ ಮತ್ತು 2003ರ ಆದೇಶಗಳಿವೆ. 2021-22ರಲ್ಲಿ ಕರ್ನಾಟಕವು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅಳವಡಿಸಿದಾಗ, ತನ್ನ ವಿಭಾಗದ ಹೊರಗಿನ ವಿಷಯವೊಂದನ್ನು ಮುಕ್ತ ಐಚ್ಛಿಕವಾಗಿ ಆರಿಸಿಕೊಳ್ಳುವ ಅವಕಾಶವು ಬಂದಿತು. ಅದೇ ವರ್ಷ ಪದವಿಯಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದ ಆದೇಶವು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಡಿಸೆಂಬರಿನಲ್ಲಿ ಅದಕ್ಕೆ ಮಧ್ಯಂತರ ತಡೆ ಬಂದಿತು. ಭಾಷಾಭಿಮಾನಿಯಾದ ನನಗೆ ಇದು ನೋವಿನ ಸಂಗತಿ. ಆದರೂ ಹೇಳಬೇಕಾದುದೊಂದಿದೆ: ಕಡ್ಡಾಯವೆಂದು ಬರೆದು, ಹೊಸದಾಗಿ ಕನ್ನಡ ಕಲಿಯುವವನಿಗೂ ಬಾಲ್ಯದಿಂದ ಬಲ್ಲವನಿಗೂ ಅವರವರಿಗೆ ತಕ್ಕ ಪಾಠವನ್ನು ಒದಗಿಸದಿದ್ದರೆ ವಚನವೂ ಅಂಕದ ಸರಕಾಗುವುದು.

ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿಯ ಮೇರೆಗೆ 2024ರ ಮೇ ತಿಂಗಳಿನಲ್ಲಿ ಸರ್ಕಾರವು ನಾಲ್ಕು ವರ್ಷದ ಕ್ರಮವನ್ನು ಕೈಬಿಟ್ಟು, 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ಒಂದೇ ಮನೆಯ ಅಣ್ಣನು 2023ರಲ್ಲಿಯೂ ತಂಗಿಯು 2024ರಲ್ಲಿಯೂ ಒಂದೇ ಕಾಲೇಜಿಗೆ ಸೇರಿದ್ದರೆ ಇಬ್ಬರಿಗೂ ನಿಯಮ ಒಂದೇ ಅಲ್ಲ. ಅಣ್ಣನ ಪಟ್ಟಿಯನ್ನು ನೋಡಿ ತಂಗಿಯು ನಡೆಯುವಂತಿಲ್ಲ. ತಾನು ಸೇರಿದ ವರ್ಷದ ನಿಯಮಾವಳಿಯನ್ನು ಕಾಲೇಜಿನ ಕಚೇರಿಯಲ್ಲಿ ಕೇಳಿ ಪಡೆದು, ಶ್ರೇಣಿಯಿಲ್ಲದ ಪತ್ರಿಕೆಗಳು ಯಾವುವೆಂದು ಮೊದಲ ವರ್ಷದಲ್ಲಿಯೇ ಗುರುತು ಹಾಕಿಕೊಳ್ಳಬೇಕು. ನನ್ನ ವಿದ್ಯಾರ್ಥಿಯು ಮರುವರ್ಷ ಆ ಪತ್ರಿಕೆಗೆ ಕುಳಿತನು. ಓದುತ್ತ ಹೆಬ್ಬಾಳ ಕೆರೆಯ ವಿಚಾರ ಬಂದಾಗ, ದಿನವೂ ಬಸ್ಸಿನಲ್ಲಿ ಅದರ ದಂಡೆಯ ಮೇಲೆ ಹಾದುಹೋಗುತ್ತಿದ್ದರೂ ಆ ನೀರು ಎಲ್ಲಿಂದ ಬರುತ್ತದೆಂದು ಕೇಳಿರಲಿಲ್ಲ ಮೇಷ್ಟ್ರೇ ಎಂದನು.